ಬೀಗರನ್ನು ಬೈಯದ ಮದುವೆ

ಮೊನ್ನೆ ಬೂದಿಗೆರೆ ರಸ್ತೆಯ ಕಲ್ಯಾಣ ಮಂಟಪಕ್ಕೆ ಹಿಂಬಾಗಿಲಿನಿಂದ ಹೋದೆ. ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಚಿಕ್ಕಪ್ಪನ ಮಗಳು ಮಾನಸಳ ಮದುವೆ. ಹಿಂದುಗಡೆ ಜನರೇಟರ್ ಗುಡುಗುಡು ಅನ್ನುತ್ತಿತ್ತು. ಅದರ ಡೀಸೆಲ್ ವಾಸನೆ, ಪಕ್ಕದಲ್ಲಿ ರಾಶಿ ಬಿದ್ದಿದ್ದ ಮಾವಿನ ಸೊಪ್ಪಿನ ಹಸಿ ವಾಸನೆ, ಅಡುಗೆಯವರ ಒಗ್ಗರಣೆಯ ಘಾಟು, ಮೂರೂ ಒಟ್ಟಿಗೆ ಮೂಗಿಗೆ ಬಡಿದಾಗ ಅಲ್ಲೇ ನಿಂತುಬಿಟ್ಟೆ. ಅಕ್ಕನ ಮದುವೆಯೂ ಇದೇ ಮಂಟಪದಲ್ಲಿ ಆಗಿದ್ದು. ಆವತ್ತೂ ಇದೇ ವಾಸನೆ. ಆವತ್ತು ಅಜ್ಜಿ ಬಂದಿರಲಿಲ್ಲ.

ಬರಲಿಲ್ಲ ಅನ್ನುವುದು ತಪ್ಪು. ಬರದ ಹಾಗೆ ಮಾಡಿದರು.

ಅದು ನಾನು ಡಿಗ್ರಿಗೆ ಸೇರಿದ ವರ್ಷ. ಆಷಾಢದಲ್ಲೇ ಮಳೆ ಹದವಾಗಿ ಬಂದು, ನಮ್ಮ ಕಡೆ ಎಲ್ಲರೂ ರಾಗಿ ಬಿತ್ತಿ ಮುಗಿಸಿದ್ದರು. ಅಕ್ಕನಿಗೆ ಸಮೇತನಹಳ್ಳಿಯಿಂದ ಗಂಡು ಗೊತ್ತಾಗಿತ್ತು. ಶ್ರಾವಣದಲ್ಲಿ ಮದುವೆ. ಮನೆಯಲ್ಲಿ ಅಪ್ಪನಿಗೆ ಮಂಟಪದ ಚಿಂತೆ, ಅಮ್ಮನಿಗೆ ಸೀರೆಯ ಚಿಂತೆ. ಅಜ್ಜಿಗೆ ಮಾತ್ರ ಒಂದೇ ಚಿಂತೆ: ಈ ಬೀಗರನ್ನು ಏನಂತ ಬೈಯುವುದು?

ನಮ್ಮಜ್ಜಿ ನಂಜಮ್ಮ. ಅಪ್ಪನ ತಾಯಿ. ಸುತ್ತಲ ಊರುಗಳಲ್ಲಿ ‘ಹಾಡೋ ನಂಜಮ್ಮ’ ಅಂದರೇ ಗೊತ್ತು. ಅರಿಶಿನ ಹಚ್ಚುವಾಗ ಒಂದು ಹಾಡು, ಹಸೆಗೆ ಕರೆಯುವಾಗ ಒಂದು ಹಾಡು, ಎಲ್ಲ ಅವಳ ಗಂಟಲಲ್ಲೇ ಇದ್ದವು. ಆದರೆ ಜನ ಕಾಯುತ್ತಿದ್ದದ್ದು ಬೀಗರ ಹಾಡಿಗೆ. ಧಾರೆ ಮುಗಿದು ಗಂಡಿನ ಕಡೆಯವರು ಊಟಕ್ಕೆ ಕೂತಾಗ, ಹೆಣ್ಣಿನ ಕಡೆಯ ಹೆಂಗಸರು ಕಂಬದ ಪಕ್ಕ ನಿಂತು ಅವರನ್ನು ಹಾಡಿನಲ್ಲೇ ಬೈಯುತ್ತಾರಲ್ಲ, ಅದು. ಬೇರೆಯವರು ಹಳೇ ಹಾಡಿಗೆ ಹೊಸ ಬೀಗರ ಹೆಸರು ಸೇರಿಸಿ ಮುಗಿಸುತ್ತಿದ್ದರು. ಅಜ್ಜಿ ಹಾಗಲ್ಲ. ಪ್ರತಿ ಮದುವೆಗೂ ಹೊಸದಾಗಿ ಕಟ್ಟುತ್ತಿದ್ದಳು. ಓದು ಬರಹ ಇಲ್ಲ. ಪದ ಕಟ್ಟುವುದು ಮುದ್ದೆ ತಿರುವುವಾಗ. ಕೋಲು ಹಿಡಿದು ಒಂದು ಸುತ್ತು ತಿರುವಿ ಒಂದು ಸಾಲು ಗೊಣಗುವಳು. ಸಾಲು ಸರಿ ಹೋಗದಿದ್ದರೆ ಆ ದಿನದ ಮುದ್ದೆಯಲ್ಲಿ ಗಂಟು ಗ್ಯಾರಂಟಿ.

ಅವಳು ಎತ್ತಿದ ಸಾಲನ್ನು ಹಿಂದಿನಿಂದ ಇನ್ನೊಬ್ಬರು ಹಿಡಿದು ಮತ್ತೆ ಹಾಡಬೇಕು. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ಅವಳ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ಸೊಲ್ಲು ಹಿಡಿಯಲು ನಾನೇ ಗಂಟುಬಿದ್ದೆ. ನನಗೆ ಯಾರೂ ಕಲಿಸಲಿಲ್ಲ. ಅವಳ ಸೆರಗಿನ ಹಿಂದೆ ನಿಂತು ನಿಂತು ಬಂತು ಅಷ್ಟೆ. ಹಾಡುವ ಮುಂಚೆ ಸೊಂಟದ ಗಂಟಿನಿಂದ ಕಾಳುಮೆಣಸು, ಕಲ್ಲುಸಕ್ಕರೆ ತೆಗೆದು ದವಡೆಗೆ ಇಟ್ಟುಕೊಳ್ಳುವಳು, ನನಗೂ ಒಂದಿಷ್ಟು ಕೊಡುವಳು. ಮಧ್ಯೆ ತಲೆಯ ಮೇಲೆ ವಿಮಾನ ಹೋದರೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಎತ್ತುವಳು.

ಅವಳದೊಂದು ಕಟ್ಟುನಿಟ್ಟಿತ್ತು. ಬೀಗರ ಬಗ್ಗೆ ಒಂದಾದರೂ ನಿಜ ಸಂಗತಿ ತಿಳಿಯದೆ ಪದ ಕಟ್ಟುತ್ತಿರಲಿಲ್ಲ.

“ಸುಳ್ಳು ಸೇರ್ಸಿ ಹಾಡಿದ್ರೆ ಅದು ಬೈಗುಳ ಕಣಮ್ಮಿ. ಇರೋದನ್ನೇ ಹಾಡಿದ್ರೆ ಬೀಗ್ರೇ ಮೊದ್ಲು ನಗ್ತಾರೆ.”

ಹಾಗಾಗಿ ಆ ಆಷಾಢದಲ್ಲಿ ಒಂದು ದಿನ ಇಬ್ಬರೂ ಸಮೇತನಹಳ್ಳಿಗೆ ಹೊರಟೆವು. ಬದನೆ ಸಸಿ ತರಲು ಹೋಗುತ್ತೇವೆ ಅಂತ ಮನೆಯಲ್ಲಿ ಹೇಳಿದ್ದು. ಹೊಸಕೋಟೆಯಲ್ಲಿ ಬಸ್ಸು ಬದಲಾಯಿಸಿ ಇಳಿಯುವ ಹೊತ್ತಿಗೆ ಮೋಡ ಕಪ್ಪಗೆ ಕಟ್ಟಿತ್ತು. ಬೀಗರ ಮನೆ ಕಾಣುವ ಹಾಗೆ ಒಂದು ಅಂಗಡಿ ಜಗಲಿಯಲ್ಲಿ ಕೂತೆವು. ಅಷ್ಟರಲ್ಲಿ ಗಂಡಿನ ಅಪ್ಪ ಮುನಿರಾಜಣ್ಣ ಮೊಪೆಡ್ಡಿನಲ್ಲಿ ಬಂದರು, ಮಳೆಯೂ ಬಂತು. ಅವರು ಗಾಡಿ ನಿಲ್ಲಿಸಿ, ಕೊಡೆ ಬಿಚ್ಚಿ, ಸೀಟಿನ ಮೇಲೆ ಹಿಡಿದುಕೊಂಡು ನಿಂತರು. ತಾವು ಪೂರ್ತಿ ನೆನೆಯುತ್ತಿದ್ದರು. ಬಾಗಿಲಿನಿಂದ ಅವರ ಹೆಂಡತಿ ಕೂಗುತ್ತಿದ್ದರು, “ರೀ, ಗಾಡಿಗೇನು ಶೀತ ಆಗ್ತದಾ? ಒಳಗ್ ಬರ್ರೀ!”

ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಕುಲುಕುಲು ನಗುತ್ತಿದ್ದಳು. ಮುನಿರಾಜಣ್ಣ ಒಮ್ಮೆ ಈ ಕಡೆ ನೋಡಿದರು. ನಾವು ಮುಖ ತಿರುಗಿಸಿಕೊಂಡೆವು.

“ಒಳ್ಳೇ ಜನ,” ಅಂದಳು ಅಜ್ಜಿ ವಾಪಸ್ಸು ಬರುವಾಗ ಬಸ್ಸಿನಲ್ಲಿ. “ಗಾಡೀನೇ ಹಿಂಗೆ ನೋಡ್ಕೊಳ್ಳೋ ಮನೇಲಿ ನಮ್ಮ ಕೂಸನ್ನ ನೆನೆಯೋಕೆ ಬಿಡಲ್ಲ.”

“ಸಸಿ ಎಲ್ಲಜ್ಜಿ?” ಅಂದೆ.

“ಅಯ್ಯೋ, ಮರ್ತೇಬಿಟ್ನಲ್ಲೇ!”

ಆ ವಾರದಲ್ಲೇ ಪದ ಬಂತು. ಮುದ್ದೆ ಗಂಟಿಲ್ಲದೆ ಬಂತು.

ಮಳೆ ಬಂದ್ರೆ ನಮ್ ಬೀಗ ಗಾಡೀಗೆ ಕೊಡೆ ಹಿಡಿದ
ತಲೆ ನೆಂದು ತೊಪ್ಪೆ ಆದಾನೆ, ಬೀಗಿತ್ತಿ
ಮೊಳೆ ಹೊಡೆದು ಗೋಡೇಲಿ ಒಣಗಾಕೆ

ಇಬ್ಬರೂ ಹಿತ್ತಲಲ್ಲಿ ಹಾಡಿ ಹಾಡಿ ನಕ್ಕೆವು. ಅದರ ಹಿಂದೆ ಇನ್ನಷ್ಟು ಪದ ಬಂದವು. ಆದರೆ ಕಡೇ ಪದ ಮಾತ್ರ ನನಗೆ ಹೇಳಲಿಲ್ಲ. ಬೀಗರನ್ನು ಎಷ್ಟೇ ಬೈದರೂ ಕಡೇ ಪದ ಮದುಮಗಳ ಕಡೆ ತಿರುಗಬೇಕು, ಅವಳಿಗೆ ಒಳ್ಳೆಯ ಮಾತು ಹೇಳಿ ಮುಗಿಸಬೇಕು. ಅದು ಕ್ರಮ. ನಾನು ಪೀಡಿಸಿದೆ.

“ಕಡೇ ಪದ ಹೆಣ್ಣಿನ ಕಿವಿಗೇ ಮೊದ್ಲು ಬೀಳ್ಬೇಕು,” ಅಂದಳು. “ನಿಂಗೆ ಮುಂಚೇನೇ ಹೇಳಿದ್ರೆ ಎಂಜಲಾಗ್ತದೆ. ಅವತ್ತು ಕೇಳ್ಸ್ಕೊಂಡು ಸೊಲ್ಲು ಹಿಡಿಯುವಂತೆ, ಸುಮ್ಕಿರು.”

ಆ ಪದವನ್ನು ಅವಳು ಎಷ್ಟು ವರ್ಷದಿಂದ ಕಟ್ಟುತ್ತಿದ್ದಳೋ. ಅಕ್ಕ ಹುಟ್ಟಿದಾಗ ಅಮ್ಮ ಗುಲಾಬಿ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಅಕ್ಕ ಬೆಳೆದದ್ದು ಅಜ್ಜಿಯ ಸೊಂಟದ ಮೇಲೆ. ಎಲ್ಲೆಲ್ಲಿ ಮದುವೆಯೋ ಅಲ್ಲೆಲ್ಲ ಅಜ್ಜಿಯ ತೊಡೆಯ ಮೇಲೆ ನಿದ್ದೆ ಮಾಡಿದವಳು ಅವಳು. ಆಗಿನಿಂದಲೂ ಅಜ್ಜಿ ಹೇಳುತ್ತಿದ್ದಳಂತೆ, “ಈ ಕೂಸಿನ ಮದುವೇಲಿ ನೋಡ್ರಮ್ಮ, ನಾನು ಹೆಂಗೆ ಬೀಗ್ರ ನೀರಿಳಿಸ್ತೀನಿ ಅಂತ.” ಅವಳು ಯಾರ ಮನೆಯ ಮದುವೆಯನ್ನೂ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಹೊದ್ದುಕೊಂಡು ಹೋಗಿ ಹಾಡಿದ್ದಾಳೆ. ಕೊಟ್ಟ ಮಾತು ಅಂದರೆ ಮಾತು.

ಶ್ರಾವಣ ಬಂತು. ಮನೆ ಮುಂದೆ ಚಪ್ಪರ ಎದ್ದಿತು. ಕುಂಬಾರರ ಮನೆಯಿಂದ ಮದುವೆ ಶಾಸ್ತ್ರದ ಐರಾಣಿ ಮಡಕೆ ತಂದು ಪೂಜೆ ಮಾಡಿ, ಅದರ ಮುಂದೆ ದೀಪ ಹಚ್ಚಿದರು. ನಮ್ಮಲ್ಲಿ ಆ ದೀಪ ಮದುವೆ ಮುಗಿಯುವ ತನಕ ಆರಬಾರದು. ಧಾರೆಯ ಹಿಂದಿನ ಸಂಜೆ ಅಪ್ಪ ಬಂದು ಅಜ್ಜಿಯ ಪಕ್ಕ ಕೂತ.

“ಅಮ್ಮಾ, ಈ ದೀಪದ್ದೇ ಯೋಚ್ನೆ. ನಾಳೆ ಎಲ್ರೂ ಮಂಟಪಕ್ಕೆ ಹೋದ್ರೆ ನೋಡೋರ್ಯಾರು? ಗಾಳಿ ಬೇರೆ ಹಿಂಗೆ ಬೀಸ್ತಾ ಐತೆ.”

“ಪಕ್ಕದ್ಮನೆ ಗೌರಮ್ಮನ್ನ ಕೂರ್ಸು.”

“ಹೊರಗಿನೋರ ಕೈಗೆ ಹೆಂಗಮ್ಮ ಕೊಡೋದು? ಆರೋದ್ರೆ ಮಗೀಗೆ ಒಳ್ಳೇದಲ್ಲ. ನೀನಿದ್ರೆ ನಮ್ಗೆ ಧೈರ್ಯ.”

ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ದೀಪ ನೋಡುತ್ತಿದ್ದ. ಅಜ್ಜಿ, “ಆಯ್ತು ಬಿಡು, ನಾ ಕಾಯ್ತೀನಿ,” ಅಂದಳು.

ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. “ಅಜ್ಜಿ ಇಲ್ದೆ ಬೀಗರ ಹಾಡು ಯಾರು ಹೇಳ್ತಾರೆ?” ಅಂದೆ. “ಊಟದ ಹೊತ್ತಿಗೆ ಕಾರು ಕಳಿಸ್ತೀನಿ ಕಣೇ, ಒಂದರ್ಧ ಗಂಟೆ ಬಂದು ಹಾಡಿ ಹೋಗ್ತಾಳೆ, ಅಷ್ಟೊತ್ತು ಗೌರಮ್ಮ ಇರ್ತಾಳೆ,” ಅಂದ ಅಪ್ಪ. ನಂಬಿದೆ. ಅಪ್ಪ ಹೇಳಿದರೆ ನಂಬದೆ ಇರಲು ನನಗೇನು ಗೊತ್ತಿತ್ತು?

ಬೆಳಗಿನ ಜಾವ ಅಕ್ಕನನ್ನು ಹೊರಡಿಸಿದರು. ಅವಳು ಹೊಸಿಲು ದಾಟುವಾಗ ಗಕ್ಕನೆ ನಿಂತು, ತಿರುಗಿ, ದೀಪದ ಮುಂದೆ ಕೂತಿದ್ದ ಅಜ್ಜಿಯನ್ನು ನೋಡಿದಳು. ಕಣ್ಣು ತುಂಬಿತ್ತು. ಅಮ್ಮ, “ಹೊರಟ ಹೆಣ್ಣು ಹಿಂಗೆ ತಿರುಗಬಾರ್ದಮ್ಮ, ನಡಿ,” ಅಂದಳು. ಅಜ್ಜಿ ತಲೆಯಾಡಿಸಿದಳು ಅಷ್ಟೆ.

ಮಂಟಪದಲ್ಲಿ ಧಾರೆ ಆಯಿತು. ಗಂಡಿನ ಕಡೆಯವರನ್ನು ಮೊದಲ ಪಂಕ್ತಿಗೆ ಕೂರಿಸಿದರು, ಮದುಮಕ್ಕಳೂ ಅದೇ ಸಾಲಿನಲ್ಲಿ. ನಾನು ಹಿಂಬಾಗಿಲಿಗೂ ಊಟದ ಹಾಲಿಗೂ ಓಡಾಡುತ್ತಿದ್ದೆ. ಜನರೇಟರ್ ಪಕ್ಕ ನಿಂತು ರಸ್ತೆ ನೋಡುವುದು, ಒಳಗೆ ಬಂದು ಎಲೆ ನೋಡುವುದು. ಕಾರು ಬರಲಿಲ್ಲ. ಎಲೆ ತುಂಬ ಬಡಿಸಿದ್ದಾಯಿತು.

ಬೀಗರು ಊಟಕ್ಕೆ ಕೈ ಹಾಕಲಿಲ್ಲ.

ನಮ್ಮವರಿಗೆ ಗಾಬರಿ. ಏನು ಕಡಿಮೆಯಾಯಿತೋ ಅಂತ ಚಿಕ್ಕಪ್ಪ ಪಾತ್ರೆ ಹಿಡಿದು ಓಡಿದ. “ಬೀಗ್ರೇ, ತುಪ್ಪ ಬಡಿಸ್ಲಾ? ಪಾಯಸ ಹಾಕ್ಲಾ?”

“ತುಪ್ಪ ಇರ್ಲಪ್ಪ,” ಅಂದರು ಮುನಿರಾಜಣ್ಣ. “ಬೈಯೋರೆಲ್ಲಿ?”

ಪಂಕ್ತಿ ಪೂರ್ತಿ ನಕ್ಕಿತು. ಗಂಡಿನ ಅಜ್ಜಿ, ಕಿವಿಯ ತುಂಬ ಓಲೆ ಹಾಕಿದ್ದ ಮುದುಕಿ, ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. “ಹಾಡೋ ನಂಜಮ್ಮನ ಮೊಮ್ಮಗಳನ್ನ ತರ್ತಾ ಇದೀವಿ ಅಂತ ನಮ್ಮೂರಲ್ಲೆಲ್ಲಾ ಹೇಳ್ಕೊಂಡು ಬಂದಿದೀವಿ. ದಾರಿ ಉದ್ದಕ್ಕೂ ನಾನು ಜವಾಬಿನ ಪದ ಕಟ್ಕೊಂಡು ಬಂದಿದೀನಿ. ಕರೀರಮ್ಮ ಆಯಮ್ಮನ್ನ, ಒಂದು ಕೈ ನೋಡೇಬಿಡಾನ.”

“ನನ್ನ ಗಾಡಿ ವಿಸ್ಯ ಬಂದೇ ಬತ್ತದೆ,” ಅಂದರು ಮುನಿರಾಜಣ್ಣ. “ಅವತ್ತು ಅಂಗಡಿ ಜಗಲೀಲಿ ಕುಂತು ನಗ್ತಾ ಇದ್ರಲ್ಲ, ನೋಡಿದ್ನಲ್ಲ ನಾನು. ಅದ್ಕೇ ತಲೆ ಒರೆಸ್ಕೊಳ್ಳೋಕೆ ಹೊಸ ಟವಲ್ಲೇ ತಂದಿದೀನಿ,” ಅಂತ ಹೆಗಲ ಮೇಲಿನ ಟವಲು ತೋರಿಸಿದರು. ಮತ್ತೆ ನಗು.

ಅಕ್ಕ ತಲೆ ಎತ್ತದೆ, “ಅಜ್ಜಿಗೆ ಹುಷಾರಿಲ್ಲ,” ಅಂದಳು.

ಅಜ್ಜಿಗೆ ಏನೋ ಆಗಿದೆ, ನನಗೆ ಹೇಳಿಲ್ಲ ಅಂದುಕೊಂಡು ಕೈ ತೊಳೆಯುವ ಜಾಗದಲ್ಲಿ ನಿಂತಿದ್ದ ಅಪ್ಪನ ಹತ್ತಿರ ಓಡಿದೆ. “ಅಜ್ಜಿಗೇನಾಯ್ತು? ಕಾರೆಲ್ಲಿ?”

ಅಪ್ಪ ಆ ಕಡೆ ಈ ಕಡೆ ನೋಡಿದ. “ಏನೂ ಆಗಿಲ್ಲ. ಕಾರು ಕಳಿಸ್ಲಿಲ್ಲ. ನನ್ನೇನು ಹಂಗೆ ನೋಡ್ತೀಯ? ನಿಮ್ಮಕ್ಕನೇ ಬೇಡ ಅಂತ ಅತ್ತಿದ್ದು.”

ವಾಪಸ್ಸು ಬಂದು ಅಕ್ಕನ ಹಿಂದೆ ಬಗ್ಗಿದೆ. “ನಿಜಾನಾ?”

“ಪವಿ, ಇಲ್ಲಿ ಬೇಡ.”

“ನಿಜಾನಾ ಅಂದೆ.”

“ಬಾಶೆಟ್ಟಿಹಳ್ಳಿಯಿಂದ ನಮ್ಮ ಕಂಪ್ನಿಯೋರೆಲ್ಲ ಬಂದವ್ರೆ ಕಣೇ,” ಅಂದಳು ತುಟಿ ಆಡಿಸದೆ. ಅವಳು ಅಲ್ಲಿ ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದಳು. “ಮೈಕಲ್ಲಿ ಮಾವನ್ನ ಬೈದ್ರೆ ಅವ್ರೇನಂದ್ಕೊತಾರೆ? ಇವ್ರು ಬೇಜಾರು ಮಾಡ್ಕೊಂಡ್ರೆ? ನಾನು ನಾಳೆ ಇವ್ರ ಮನೇಲಿ ಬಾಳ್ಬೇಕಲ್ವಾ?”

ಇವರು ಬೇಜಾರು ಮಾಡಿಕೊಳ್ಳುತ್ತಾರಂತೆ! ಇವರು ಎಲೆ ಮುಂದೆ ಕೈ ಕಟ್ಟಿ ಕೂತಿದ್ದಾರೆ, ಹೊಸ ಟವಲು ಹಾಕಿಕೊಂಡು.

ಯಾರೋ ನನ್ನನ್ನೇ ಮುಂದಕ್ಕೆ ತಳ್ಳಿದರು. “ಇವ್ಳೇ ಅಲ್ವಾ ಸೊಲ್ಲು ಹಿಡಿಯೋಳು, ಇವ್ಳೇ ಹಾಡ್ಲಿ.” ಮಳೆ ಪದ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅಜ್ಜಿ ಎತ್ತದೆ ನಾನೇನು ಹಿಡಿಯಲಿ? ತಲೆ ಅಲ್ಲಾಡಿಸಿ ಕಂಬದ ಹಿಂದೆ ಹೋದೆ.

ಗಂಡಿನ ಅಜ್ಜಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಯಾರಿಗೂ ಅಲ್ಲ ಅನ್ನುವ ಹಾಗೆ, “ಬೈಯೋಕೂ ಆಗ್ದಷ್ಟು ದೂರದೋರಾ ನಾವು?” ಅಂದರು. ಅಂದು, ಅನ್ನ ಕಲೆಸಿದರು. ಮುನಿರಾಜಣ್ಣ ಟವಲು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆ ಪಂಕ್ತಿ ಊಟ ಮುಗಿಸಿ ಎದ್ದಷ್ಟು ಮೌನವಾಗಿ ಯಾವ ಮದುವೆಯಲ್ಲೂ ಬೀಗರು ಎದ್ದದ್ದನ್ನು ನಾನು ನೋಡಿಲ್ಲ. ಕಂಪನಿಯವರು ಎರಡನೇ ಪಂಕ್ತಿಯಲ್ಲಿ ಉಂಡು, ಫೋಟೋ ತೆಗೆಸಿಕೊಂಡು ಹೋದರು. ಅವರಿಗೆ ಏನೂ ಗೊತ್ತಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅಜ್ಜಿ ಅದೇ ಜಾಗದಲ್ಲಿ ಕೂತಿದ್ದಳು. ಹೊಸ ಹಳದಿ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಸೆರಗಿನಿಂದ ಗಾಳಿಗೆ ಮರೆ ಹಿಡಿದು. ದೀಪ ಉರಿಯುತ್ತಿತ್ತು.

“ಬೀಗ್ರು ನಕ್ರಾ?” ಅಂದಳು.

ನಾನು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಟವಲಿನ ವಿಷಯ ಹೇಳುವಾಗ ಅವಳ ಬಾಯಿ ಸ್ವಲ್ಪ ಅರಳಿತು. ಅಕ್ಕನ ವಿಷಯ ಹೇಳುವಾಗ ಬತ್ತಿ ಸರಿ ಮಾಡಿದಳು. ಸೊಂಟದ ಗಂಟು ಬಿಚ್ಚಿ, ಆವತ್ತು ಬಾಯಿಗೆ ಹಾಕಿಕೊಳ್ಳದೆ ಉಳಿದಿದ್ದ ಕಾಳುಮೆಣಸು ಕಲ್ಲುಸಕ್ಕರೆಯನ್ನು ನನ್ನ ಕೈಗೆ ಹಾಕಿದಳು.

“ತಗೋ. ನಿನ್ ಗಂಟ್ಲು ಕಟ್ಟೈತೆ.”

ಅಷ್ಟೇ. ಅವಳಿಗೆ ಬೇಜಾರಾಗಿದ್ದರೆ ಅದನ್ನು ನಾನು ನೋಡಲಿಲ್ಲ.

ಮುಂದಿನ ವಾರ ನಮ್ಮ ಮನೆಯಲ್ಲಿ ಬೀಗರ ಊಟ. ಗಂಡಿನ ಅಜ್ಜಿ ಬಂದವರೇ ನಮ್ಮಜ್ಜಿಯ ಕೈ ಹಿಡಿದುಕೊಂಡು, “ಈಗಲಾದ್ರೂ ಬೈಯವ್ವ,” ಅಂದರು. ಅಪ್ಪನೂ, “ಹಾಡಮ್ಮ,” ಅಂದ. ಅಜ್ಜಿ ನಕ್ಕಳು. “ಬೈಯೋದು ಧಾರೆ ದಿನಕ್ಕೆ ಕಣವ್ವ. ಇವತ್ತು ಮುದ್ದೆ ದಿನ.” ಒಳಗೆ ಹೋಗಿ ಮುದ್ದೆ ಕಟ್ಟಿ ತಂದು, ಹಬೆಯಾಡುವ ಮೊದಲನೇ ಮುದ್ದೆಯನ್ನು ಅಕ್ಕನ ಎಲೆಗೇ ಇಟ್ಟಳು. ನನಗೆ ಮೈ ಉರಿದುಹೋಯಿತು. ಇಷ್ಟೆಲ್ಲ ಆದ ಮೇಲೂ ಮೊದಲನೆಯದು ಅವಳಿಗೇ?

ಅಜ್ಜಿ ಮತ್ತೆ ಯಾವ ಮದುವೆಯಲ್ಲೂ ಬೀಗರ ಹಾಡು ಎತ್ತಲಿಲ್ಲ. ಕರೆದವರಿಗೆ ಗಂಟಲು ಕೆಟ್ಟಿದೆ ಅನ್ನುತ್ತಿದ್ದಳು. ಹಿತ್ತಲಲ್ಲಿ ನನ್ನೊಬ್ಬಳಿಗೆ ಹಾಡುವಾಗ ಕೆಟ್ಟಿರುತ್ತಿರಲಿಲ್ಲ. ನಾನು ಅಕ್ಕನ ಜೊತೆ ಮಾತು ಬಿಟ್ಟೆ. ಬಿಟ್ಟೆ ಅಂದರೆ, “ಬಂದ್ಯಾ”, “ಊಟ ಆಯ್ತಾ”, ಅಷ್ಟರ ಮೇಲೆ ಇಲ್ಲ. ಅಜ್ಜಿಯ ಮುಂದೆ ಅಕ್ಕನನ್ನು ವಾಚಾಮಗೋಚರ ಬೈಯುತ್ತಿದ್ದೆ. ಅಜ್ಜಿ ಒಂದು ಸಲವೂ ಬೇಡ ಅನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, “ಹೂಂ, ಬೈಯಿ ಬೈಯಿ,” ಅಂತ ನಗುತ್ತ ಕೂರುವಳು. ಪಾಪ, ನೋವು ನುಂಗಿಕೊಂಡು ನಗುತ್ತಾಳೆ ಅಂತ ನನಗೆ ಇನ್ನಷ್ಟು ಸಿಟ್ಟು ಬರುವುದು. ಹಾಗೇ ಒಂದು ಸುಗ್ಗಿ ಮುಗಿದ ಮೇಲೆ ಅಜ್ಜಿ ಹೋದಳು. ಕಡೇ ಪದವೂ ಅವಳ ಜೊತೆಗೇ ಹೋಯಿತು ಅಂದುಕೊಂಡೆ. ಆ ಲೆಕ್ಕವನ್ನೂ ಅಕ್ಕನ ಹೆಸರಿಗೇ ಬರೆದುಕೊಂಡೆ.

ಅಜ್ಜಿ ಹೋದ ಮೇಲೆ ನಾನೇ ಎತ್ತಲು ಶುರು ಮಾಡಿದೆ. ಯಾರ ಹತ್ತಿರವೂ ಕೇಳಲಿಲ್ಲ. ನನಗೆ ಮುದ್ದೆ ತಿರುವುವಾಗ ಪದ ಬರುವುದಿಲ್ಲ, ಗಾಡಿ ಓಡಿಸುವಾಗ ಬರುತ್ತದೆ. ಸುತ್ತಲ ಊರಿನವರು ಈಗ ಕರೆಯುತ್ತಾರೆ. ಬೀಗರನ್ನು ಚೆನ್ನಾಗಿಯೇ ಬೈಯುತ್ತೇನೆ. ಕಡೇ ಪದ ಮಾತ್ರ ಕಟ್ಟಲು ಬರುವುದಿಲ್ಲ. ಅಜ್ಜಿ ಎಲ್ಲೋ ಹಾಡಿದ್ದ ಹಳೆಯದೊಂದನ್ನು ಹೇಳಿ ಮುಗಿಸಿಬಿಡುತ್ತೇನೆ.

ಮೊನ್ನೆ ಜನರೇಟರ್ ಪಕ್ಕ ನಾನು ನಿಂತಿದ್ದಾಗ ಅಕ್ಕ ಹುಡುಕಿಕೊಂಡು ಬಂದಳು. ಸೊಂಟದ ಮೇಲೆ ಮಗಳು.

“ಪವಿ, ಎಲೆ ಹಾಕ್ತಾ ಅವ್ರೆ, ಬಾ. ಮಾನಸಾಗೆ ಕಡೇ ಪದ ಕಟ್ಟಿದ್ಯಾ?”

ಅವಳ ಬಾಯಲ್ಲಿ ಆ ಮಾತು ಕೇಳಿ ತಡೆಯಲಾಗಲಿಲ್ಲ. “ನಂಗೆ ಕಡೇ ಪದ ಬರಲ್ಲ. ಕಲಿಬೇಕಾಗಿದ್ದ ದಿನ ನೀನು ಕಲಿಯೋಕೆ ಬಿಡ್ಲಿಲ್ಲ. ಅಜ್ಜಿ ನಿಂಗೋಸ್ಕರ ಇಟ್ಕೊಂಡಿದ್ದು ಅವಳ ಜೊತೇಲೇ ಮಣ್ಣಾಯ್ತು.”

ಅಕ್ಕ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಆಮೇಲೆ ಜನರೇಟರಿನ ಸದ್ದಿನಲ್ಲಿ, ಶ್ರುತಿ ಇಲ್ಲದ ಅವಳ ಗಂಟಲಲ್ಲಿ, ಹಾಡಿದಳು.

ಹೊಸಮನೆಗೆ ಹೋಗೋಳೆ ಹೊಸಿಲಾಗ ನಿಂತ್ಕೊಂಡು
ಹಸನಾಗಿ ಒಮ್ಮೆ ತಿರುಗವ್ವ, ನಿನ್ನಜ್ಜಿ
ಬಿಸಿ ಮುದ್ದೆ ಕಟ್ಟಿ ಕಾಯ್ತಾಳೆ

ಹೊಸಿಲು. ತಿರುಗಿದ್ದು. ಆ ಮೊದಲನೇ ಮುದ್ದೆ.

“ಅವತ್ತು ಬೆಳಗ್ಗೆ ಹೊರಡೋ ಮುಂಚೆ ನಾನೇ ಅವಳ ಹತ್ರ ಹೋಗಿ ಕಾಲು ಹಿಡ್ಕೊಂಡು ಹೇಳ್ದೆ, ನಾನೇ ಬೇಡ ಅಂದಿದ್ದು ಅಂತ,” ಅಂದಳು ಅಕ್ಕ. “‘ಗೊತ್ತು ಬಿಡೇ, ದೀಪಕ್ಕೆ ಗೌರಮ್ಮ ಆಗಲ್ಲ ಅಂದಾಗ್ಲೇ ಗೊತ್ತಾಯ್ತು’ ಅಂದ್ಲು. ಕಿವಿ ಹತ್ರ ಬಾ ಅಂತ ಕರ್ದು ಇದನ್ನ ಹಾಡಿದ್ಲು.”

“ನಂಗ್ಯಾಕೆ ಹೇಳ್ಲಿಲ್ಲ? ಇಷ್ಟು ವರ್ಷ?”

“ಅವಳೇ ಬೇಡ ಅಂದ್ಲು. ‘ಚಿಕ್ಕೋಳಿಗೆ ಹೇಳ್ಬೇಡ. ನಾನು ನಿನ್ನ ಮೇಲೆ ಕೋಪ ಮಾಡ್ಕೊಳ್ಳೋಕಾಗಲ್ಲ. ನನ್ನ ಪರವಾಗಿ ಒಬ್ಳಾದ್ರೂ ಮಾಡ್ಕೊಂಡಿರ್ಲಿ’ ಅಂದ್ಲು.”

ಮಗು ನನ್ನ ಓಲೆ ಎಳೆಯಿತು. ಅಕ್ಕನನ್ನು ಬೈಯಲು ಬಾಯಿ ತೆರೆದೆ, ಯಾವ ಬೈಗುಳವೂ ಅವಳ ಕಡೆಗೆ ಹೋಗಲಿಲ್ಲ. ಅಪ್ಪ ಮೋಸ ಮಾಡಿದ, ಅಕ್ಕ ಮೋಸ ಮಾಡಿದಳು, ಅದು ಹಳೆಯ ಮಾತು. ಎಲೆಗೆ ಸುಣ್ಣ ಹಚ್ಚುತ್ತ ಬೈಯಿ ಬೈಯಿ ಅಂದ ಅಜ್ಜಿ ಕೂಡ! ಅವಳನ್ನು ದೀಪ ಕಾಯಲು ಕೂರಿಸಿದ್ದಕ್ಕೆ ನಾನು ಉರಿದೆ. ಅವಳು ನನ್ನನ್ನು ಅದೇ ಥರ ಕೂರಿಸಿ, ನನ್ನ ಸಿಟ್ಟು ಆರದ ಹಾಗೆ ನೋಡಿಕೊಂಡು, ಹೋಗಿಬಿಟ್ಟಳು.

ಒಳಗಿಂದ ಯಾರೋ ಕೂಗಿದರು, “ಏ ಪವೀ, ಬೀಗ್ರು ಕೈ ಕಟ್ಕೊಂಡ್ ಕುಂತವ್ರೆ, ಬಾರಮ್ಮ!”

ಹೋಗಿ ಕಂಬದ ಪಕ್ಕ ನಿಂತೆ. ದವಡೆಗೆ ಕಾಳುಮೆಣಸು ಇಟ್ಟುಕೊಂಡೆ. ಸೊಲ್ಲು ಹಿಡಿಯಲು ಯಾರಿದ್ದಾರೆ ಅಂತ ತಿರುಗಿದರೆ, ಮಗುವನ್ನು ಎತ್ತಿಕೊಂಡು ಅಕ್ಕನೇ ನಿಂತಿದ್ದಳು. ಸರಿ ಅಂದುಕೊಂಡೆ. ಬೀಗರಿಗಾಗಿ ಕಟ್ಟಿಕೊಂಡು ಬಂದಿದ್ದ ಪದಗಳು ಇದ್ದವು. ಅವರಿಗಿಂತ ಮೊದಲು ಬೈಯಬೇಕಾದವಳು ಒಬ್ಬಳಿದ್ದಳು. ಅವಳಿಗೆ ಅಲ್ಲೇ ನಿಂತು ಕಟ್ಟಿದೆ, ಸುಳ್ಳು ಏನೂ ಸೇರಿಸದೆ.

ದೀಪ ಕಾಯ್ತೀನಂತ ಮನೆಯಾಗೆ ಕುಂತೋಳು
ಕೋಪಾವ ನನ್ನ ಮಡಿಲೀಗೆ ಸುರುವಿ, ನಮ್ಮಜ್ಜಿ
ಪಾಪದೋಳಂಗೆ ನಗುತಾಳೆ